ಎರವಲು ತಂದ ಪಾತ್ರೆಗಳು

ನನ್ನ ಉದ್ಯೋಗವೇನೆಂದು ಊರಿನಲ್ಲಿ ಯಾರಾದರೂ ಕೇಳಿದರೆ ಉತ್ತರ ಹೇಳುವುದು ನನಗೆ ಎಂದೂ ಸುಲಭವಾಗಿಲ್ಲ. 'ಕಂಪ್ಯೂಟರಿನ ಡ್ರೈವರು' ಎಂದು ಒಮ್ಮೆ ಹೇಳಿ, ಲಾರಿ ನಡೆಸುವವನೆಂದು ಎರಡು ವರ್ಷ ಖ್ಯಾತನಾಗಿದ್ದೆ. ನಾನು ಡ್ರೈವರುಗಳನ್ನು ಬರೆಯತಕ್ಕವನು. ಕಂಪ್ಯೂಟರಿಗೆ ಕ್ಯಾಮೆರಾವನ್ನೋ ಮುದ್ರಣಯಂತ್ರವನ್ನೋ ತಕ್ಕಡಿಯನ್ನೋ ಜೋಡಿಸಿದಾಗ, ಅದರ ಮಾತನ್ನು ಯಂತ್ರದ ಯಜಮಾನಿಕೆ ವಹಿಸಿರುವ ಆಪರೇಟಿಂಗ್ ಸಿಸ್ಟಮಿಗೆ ತಿಳಿಯಹೇಳುವ ದುಭಾಷಿಯೊಬ್ಬನು ಬೇಕು. ಆ ದುಭಾಷಿಗೆ ಡಿವೈಸ್ ಡ್ರೈವರ್ ಎಂದು ಹೆಸರು.

ಈ ದುಭಾಷಿ ಬರಿಗೈಯಲ್ಲಿ ಕೆಲಸಮಾಡಲಾರನು. ಉಪಕರಣವು ಬಂದೊಡನೆ ಅವನು ಯಜಮಾನನಿಂದ ಒಂದಿಷ್ಟು ಮೆಮೊರಿಯನ್ನು ಕೇಳಿ ಪಡೆಯಬೇಕು. ಉಪಕರಣಕ್ಕೆ ವಿದ್ಯುತ್ತನ್ನೂ ಗಡಿಯಾರದ ಮಿಡಿತವನ್ನೂ ಕೊಡಿಸಬೇಕು. ಅದು ಕರೆದಾಗ ಓಗೊಡಲು ಇಂಟರಪ್ಟ್ ಎಂಬ ಕರೆಗಂಟೆಯನ್ನು ತನ್ನ ಹೆಸರಿಗೆ ಬರೆಯಿಸಿಕೊಳ್ಳಬೇಕು. ಇದೆಲ್ಲವೂ ಎರವಲು. ಉಪಕರಣವು ಹೋಗುವಾಗ ಎಲ್ಲವನ್ನೂ, ತಂದುದರ ಹಿಮ್ಮುಖವಾದ ಕ್ರಮದಲ್ಲಿ, ಒಪ್ಪಿಸಬೇಕು. ಗಂಟೆಯನ್ನು ಕಳಚದೆ ಮೆಮೊರಿಯನ್ನು ಮೊದಲು ಬಿಟ್ಟುಕೊಟ್ಟರೆ, ಗಂಟೆ ಬಾರಿಸಿದಾಗ ಓಗೊಟ್ಟು ಬಂದವನು ಆ ವೇಳೆಗೆ ಪರರದಾಗಿ ಹೋಗಿರುವ ಮನೆಯೊಳಕ್ಕೆ ನುಗ್ಗಿದಂತಾಗುತ್ತದೆ.

ನಮ್ಮ ದೊಡ್ಡಮ್ಮನಿಗೆ ಈ ಶಾಸ್ತ್ರವೆಲ್ಲ ಓದದೆಯೇ ತಿಳಿದಿತ್ತು. ಮದುವೆಯೆಂದರೆ ಹತ್ತು ಮನೆಗಳಿಂದ ಕೊಪ್ಪರಿಗೆ, ಹರಿವಾಣ, ಜಮಖಾನಗಳು ಎರವಲು ಬರುತ್ತಿದ್ದ ಕಾಲ ಅದು. ಪಾತ್ರೆಗಳ ಕಂಠದ ಮೇಲೆ ಅವರವರ ಹೆಸರಿನ ಅಕ್ಷರಗಳನ್ನು ಕೊರೆಯಿಸಿರುತ್ತಿದ್ದರು. ದೊಡ್ಡಮ್ಮ ಹಳೆಯ ಪಂಚಾಂಗದ ಖಾಲಿ ಹಾಳೆಯ ಮೇಲೆ ಪಟ್ಟಿ ಬರೆದು ಸೊಂಟಕ್ಕೆ ಸಿಕ್ಕಿಸಿಕೊಂಡಿರುವಳು. ಒಮ್ಮೆ, ಚಪ್ಪರ ಅರ್ಧ ಎದ್ದಿದ್ದಾಗ, ನಮ್ಮ ಮನೆಯ ಮದುವೆಯೊಂದು ನಿಂತುಹೋಯಿತು. ಕಾರಣ ಇಲ್ಲಿ ಬೇಡ. ಗಂಡಸರೆಲ್ಲ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರೆ, ದೊಡ್ಡಮ್ಮನೊಬ್ಬಳು ಪಟ್ಟಿ ಹಿಡಿದು ಅಲ್ಲಿಯವರೆಗೆ ಬಂದಿದ್ದ ಪಾತ್ರೆಗಳನ್ನು, ಬಂದಿದ್ದಷ್ಟನ್ನೇ, ಸಂಜೆಯೊಳಗೆ ಹಿಂದಕ್ಕೆ ಕಳುಹಿಸಿದಳು. ಹೊರುವುದಕ್ಕೆ ನಾನು ಜೊತೆಗಾರ. "ಮದುವೆ ನಡೆದರೆ ಪಾತ್ರೆ ತಾನಾಗಿ ಮನೆ ಸೇರುತ್ತೆ ಮಗು, ಎಲ್ಲರಿಗೂ ನೆನಪಿರುತ್ತೆ. ನಿಂತುಹೋದಾಗಲೇ ಕಳೆಯೋದು" ಎಂದಳು.

ಮೂವತ್ತು ವರ್ಷಗಳ ಮೇಲೆ ನನ್ನ ಕೈಯಲ್ಲಿ ಕಳೆದುದೂ ಹೀಗೆಯೇ.

ಹಳ್ಳಿಯೊಂದರ ಹಾಲಿನ ಡೈರಿಯಲ್ಲಿ ತಕ್ಕಡಿಗೆ ಜೋಡಿಸಿದ್ದ ಪುಟ್ಟ ಕಂಪ್ಯೂಟರಿಗಾಗಿ ನಾನು ಡ್ರೈವರು ಬರೆದಿದ್ದೆ. ಅದರೊಳಗಿದ್ದುದು ಲಿನಕ್ಸ್; ಮೆಮೊರಿ 256 ಮೆಗಾಬೈಟು. ತಕ್ಕಡಿಯ ಕೇಬಲನ್ನು ಸಿಕ್ಕಿಸಿದೊಡನೆ ನನ್ನ ಡ್ರೈವರು 64 ಕಿಲೊಬೈಟು ಮೆಮೊರಿಯನ್ನು ಎರವಲು ಪಡೆದು, "ನೀನು ಯಾರು?" ಎಂದು ತಕ್ಕಡಿಯನ್ನು ಕೇಳುವುದು. ಉತ್ತರ ಬಂದರೆ ಕೆಲಸ ಮುಂದೆ ಸಾಗುವುದು. ಬಾರದಿದ್ದರೆ ಸೋಲನ್ನು ಒಪ್ಪಿಕೊಂಡು ಹಿಂದಿರುಗುವುದು. ಹಾಗೆ ಹಿಂದಿರುಗುವಾಗ ಆ 64 ಕಿಲೊಬೈಟನ್ನು ಒಪ್ಪಿಸುವ ಒಂದು ಸಾಲನ್ನು ನಾನು ಬರೆದಿರಲಿಲ್ಲ. ನನ್ನ ಮೇಜಿನ ಮೇಲೆ ತಕ್ಕಡಿ ಪ್ರತಿ ಸಲವೂ ಉತ್ತರ ಕೊಟ್ಟಿತ್ತು. ಡೈರಿಯಲ್ಲಿ ಕೇಬಲಿನ ತುದಿ ಸಡಿಲವಾಗಿದ್ದಿತು. ನಿಮಿಷಕ್ಕೊಮ್ಮೆ ಬಿಟ್ಟು ಹತ್ತುತ್ತಿದ್ದಿತು. ದಿನಕ್ಕೆ 1,440 ಸಲ. ಸಲಕ್ಕೆ 64 ಕಿಲೊಬೈಟಿನಂತೆ 90 ಮೆಗಾಬೈಟು. ಮೂರನೆಯ ದಿನ ಕಾಣುವುದಕ್ಕೆ ಏನು ಉಳಿಯಬೇಕು?

ಇಲ್ಲಿ ಒಂದು ಮಾತನ್ನು ಹೇಳಬೇಕು. ಸಾಮಾನ್ಯವಾದ ಪ್ರೋಗ್ರಾಮು ಎಷ್ಟೇ ಸೋಮಾರಿಯಾಗಿರಲಿ, ಅದು ಮುಗಿದಾಗ ಅದರ ಸಾಲವನ್ನೆಲ್ಲ ಆಪರೇಟಿಂಗ್ ಸಿಸ್ಟಮು ತಾನೇ ವಸೂಲು ಮಾಡಿಕೊಳ್ಳುತ್ತದೆ. ಡ್ರೈವರಾದರೋ ಕರ್ನೆಲ್ಲೆಂಬ ಯಜಮಾನನ ಮನೆಯೊಳಗೇ ಇರುವವನು. ಅವನು ಮರೆತುದನ್ನು ನೆನಪಿಸುವ ಹಿರಿಯರು ಮೇಲೆ ಯಾರೂ ಇಲ್ಲ. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸುವವರೆಗೆ ಆ ಮೆಮೊರಿ ಯಾರಿಗೂ ಇಲ್ಲ. ಇನ್ನೂ ಅನ್ಯಾಯವೆಂದರೆ, ಮೆಮೊರಿ ತೀರಿಹೋದಾಗ ಕರ್ನೆಲ್ಲು ಹೆಚ್ಚು ಜಾಗ ಹಿಡಿದಿರುವ ಪ್ರೋಗ್ರಾಮೊಂದನ್ನು ಆರಿಸಿ ಕೊಂದುಬಿಡುತ್ತದೆ. ಆ ಬೆಳಗ್ಗೆ ಸತ್ತದ್ದು ಹಾಲಿನ ಲೆಕ್ಕ ಬರೆಯುತ್ತಿದ್ದ ನಿರಪರಾಧಿ. ಬೆಳಗ್ಗೆ ಆರು ಗಂಟೆಗೆ ಕ್ಯಾನು ಹಿಡಿದು ಸಾಲುಗಟ್ಟಿದ್ದವರ ಹಾಲನ್ನು ಅಂದಾಜಿನ ಮೇಲೆ ಬರೆದುಕೊಂಡರೆಂದು ತಿಳಿಯಿತು. ಒಬ್ಬ ಮುದುಕಿಯ ಹಾಲು ಅರ್ಧ ಲೀಟರು ಕಡಮೆ ಬಂದಿತೆಂದು ಜಗಳವಾಯಿತಂತೆ. ಆ ಅರ್ಧ ಲೀಟರು ನನ್ನ ಲೆಕ್ಕಕ್ಕೆ ಸೇರಬೇಕಾದುದು.

ನಮ್ಮ ಹಳೆಯ ಪದ್ಧತಿಯಲ್ಲಿ ಇದಕ್ಕೆ ಮದ್ದು ಇದ್ದೇ ಇತ್ತು. ಸಿ ಭಾಷೆಯಲ್ಲಿ 'ಗೋಟು' ಎಂಬ ಆಜ್ಞೆಯೊಂದುಂಟು. ಪ್ರೋಗ್ರಾಮನ್ನು ಕಂಡ ಕಂಡಲ್ಲಿಗೆ ಹಾರಿಸುವ ಆ ಆಜ್ಞೆಯನ್ನು ಖಂಡಿಸಿ ಡೈಕ್‌ಸ್ಟ್ರಾ ಎಂಬ ಡಚ್ ವಿದ್ವಾಂಸರು ಬರೆದ ಪತ್ರವು 1968ರಲ್ಲಿ ಪ್ರಕಟವಾದುದು ಪ್ರಸಿದ್ಧವಾಗಿದೆ. ಆದರೆ ಲಿನಕ್ಸಿನವರು ಈ ಒಂದು ಕೆಲಸಕ್ಕೆ ಅದನ್ನೇ ಉಪಯೋಗಿಸಬಹುದೆಂದು ತಮ್ಮ ಬರವಣಿಗೆಯ ನಿಯಮಗಳಲ್ಲಿ ಹೇಳಿದ್ದಾರೆ. ಕೊನೆಯಲ್ಲಿ ಮೆಟ್ಟಿಲುಗಳಂತೆ ಒಪ್ಪಿಸುವ ಸಾಲುಗಳಿರುತ್ತವೆ. ಎಷ್ಟನೆಯ ಹೆಜ್ಜೆಯಲ್ಲಿ ಸೋತೆವೋ ಅದಕ್ಕೆ ತಕ್ಕ ಮೆಟ್ಟಿಲಿಗೆ ಹಾರಿ, ಅಲ್ಲಿಂದ ಒಂದೊಂದಾಗಿ ಇಳಿಯುವುದು. ಮೆಟ್ಟಿಲೊಂದನ್ನು ಸೇರಿಸಲು ಮರೆಯುವವನು ಮಾತ್ರ ಮರೆಯುತ್ತಲೇ ಇರುತ್ತಾನೆ. 2007ರಲ್ಲಿ ತೇಜುನ್ ಹಿಯೊ ಎಂಬವರು ಬರೆದ 'ಡೆವ್‌ರೆಸ್' ಎಂಬ ಏರ್ಪಾಡು ಲಿನಕ್ಸಿನ 2.6.21ನೆಯ ಆವೃತ್ತಿಯಲ್ಲಿ ಸೇರಿತು. ಇದರಲ್ಲಿ ಡ್ರೈವರು ಪಡೆದ ಪ್ರತಿಯೊಂದು ಎರವಲೂ ಆ ಉಪಕರಣದ ಹೆಸರಿನ ಪಟ್ಟಿಗೆ ಏರುತ್ತದೆ. ಕೆಲಸ ನಡುವೆ ಕೆಟ್ಟರೂ, ಉಪಕರಣ ಹೋದರೂ, ಕರ್ನೆಲ್ಲೇ ಪಟ್ಟಿಯ ಕೊನೆಯಿಂದ ಮೇಲಕ್ಕೆ ಎಲ್ಲವನ್ನೂ ಬಿಡಿಸುತ್ತದೆ. ದೊಡ್ಡಮ್ಮನ ಪಂಚಾಂಗದ ಹಾಳೆ! ನಾನು ಸಂತೋಷದಿಂದ ಎಲ್ಲವನ್ನೂ ಅದಕ್ಕೆ ಒಪ್ಪಿಸಿ ಹೊಸ ಡ್ರೈವರನ್ನು ಡೈರಿಗೆ ಕಳುಹಿಸಿದೆ.

ಹದಿನೈದು ದಿನಗಳಲ್ಲಿ ಯಂತ್ರವು ಮತ್ತೆ ಬಿದ್ದಿತು. ಈ ಸಲ ಒಮ್ಮೆಗೇ ಬಿದ್ದಿತು.

ಕಾರಣವನ್ನು ಹುಡುಕಲು ಮೂರು ರಾತ್ರಿ ಹಿಡಿಯಿತು. ಕೇಬಲು ಕಳಚಿದಾಗ ಪಟ್ಟಿಯಲ್ಲಿದ್ದ ಮೆಮೊರಿ ತಪ್ಪದೆ ಹಿಂದಕ್ಕೆ ಹೋಗುತ್ತಿದ್ದಿತು. ಆದರೆ ಲೆಕ್ಕದ ಪ್ರೋಗ್ರಾಮು ತಕ್ಕಡಿಯ ಬಾಗಿಲನ್ನು ತೆರೆದು ಹಿಡಿದುಕೊಂಡೇ ಇದ್ದಿತು. ತಕ್ಕಡಿ ಹೋದುದು ಅದಕ್ಕೇನು ಗೊತ್ತು? ಅದು ಮುಂದಿನ ತೂಕವನ್ನು ಕೇಳಿದಾಗ ನನ್ನ ಡ್ರೈವರು, ಆಗಲೇ ಒಪ್ಪಿಸಿಬಿಟ್ಟಿದ್ದ ಮೆಮೊರಿಗೆ ಕೈಹಾಕಿತು. ಮೊದಲನೆಯ ಸಲ ಕೊಡಲು ಮರೆತಿದ್ದೆ; ಎರಡನೆಯ ಸಲ ಬಳಸುವವರಿರುವಾಗಲೇ ಕೊಟ್ಟುಬಿಟ್ಟಿದ್ದೆ. ಉಪಕರಣದ ಆಯುಸ್ಸೂ ಅದನ್ನು ಬಳಸುವವರ ಆಯುಸ್ಸೂ ಒಂದೇ ಎಂದು ಆ ಪಟ್ಟಿ ನಂಬುತ್ತದೆ. ಹಾಗೆ ನಂಬಬಾರದ ಕಡೆ ನಾನು ಅದನ್ನು ಬಳಸಿದ್ದೆ.

ಆ ವಾರ ಊರಿಗೆ ಹೋಗಿದ್ದಾಗ ದೊಡ್ಡಮ್ಮನಿಗೆ ಇದನ್ನು ಪಾತ್ರೆಗಳ ಭಾಷೆಯಲ್ಲಿ ಹೇಳಿದೆ. ಈಗ ಅವಳಿಗೆ ಕಣ್ಣು ಮಂದವಾಗಿದೆ, ಕಿವಿ ಚುರುಕಾಗಿಯೇ ಇದೆ. "ಕಡೇ ಪಂಕ್ತಿ ಏಳೋ ತನಕ ಹರಿವಾಣಕ್ಕೆ ಕೈ ಹಚ್ಚಬಾರದು ಕಣೋ. ಪಾತ್ರೆಯವರ ಮನೆ ಆಳು ಬಾಗಿಲಲ್ಲಿ ನಿಂತಿದ್ದರೂ ಸರಿ, ಎಷ್ಟು ಜನ ಕೂತಿದಾರೆ ಅಂತ ಎಣಿಸಬೇಕು" ಎಂದಳು.

ಎಣಿಸುವುದೇ ಮದ್ದು. ಬಾಗಿಲು ತೆರೆದವರೆಷ್ಟು ಎಂಬ ಎಣಿಕೆಯೊಂದನ್ನು ಆ ಮೆಮೊರಿಯ ಜೊತೆಗೇ ಇಟ್ಟು, ಕೊನೆಯವನು ಬಾಗಿಲು ಮುಚ್ಚಿದಾಗ ಮಾತ್ರ ಒಪ್ಪಿಸುವಂತೆ ತಿದ್ದಿದೆ. ತಕ್ಕಡಿ ಹೋದ ಮೇಲೆ ಕೇಳಿದವರಿಗೆ "ಉಪಕರಣವಿಲ್ಲ" ಎಂಬ ಉತ್ತರ. ಉಳಿದ ಎರವಲುಗಳನ್ನು ಪಟ್ಟಿಯಲ್ಲಿಯೇ ಬಿಟ್ಟೆ.

ತಿದ್ದಿದುದನ್ನು ನಾನೇ ಡೈರಿಗೆ ತೆಗೆದುಕೊಂಡು ಹೋದೆ. ಹಾಲು ಅಳೆಯುತ್ತಿರುವಾಗಲೇ ಇಪ್ಪತ್ತು ಸಲ ಕೇಬಲನ್ನು ಕಿತ್ತು ಸಿಕ್ಕಿಸಿದೆ. ಸಾಲಿನಲ್ಲಿದ್ದವರು ಇವನಿಗೇನು ಬಂದಿದೆ ಎಂಬಂತೆ ನೋಡಿದರು. ಯಂತ್ರ ಬೀಳಲಿಲ್ಲ. ಕಾರ್ಯದರ್ಶಿಗಳು ಹೊಸ ಕೇಬಲೊಂದನ್ನು ತರಿಸಿಕೊಡಿರೆಂದು ಕೇಳಿದರು, ಅದನ್ನೂ ತರಿಸಿಕೊಟ್ಟೆ.