ಒಂದು ಸುತ್ತು ಕಡಿಮೆ

ಪುಣೆಯ ಮೂಡಣಕ್ಕಿರುವ ವಿಮಾನ ನಗರಕ್ಕೆ ಆ ಹೆಸರು ಏಕೆ ಬಂದಿತೆಂದು ಯಾರೂ ಕೇಳಬೇಕಾಗಿಲ್ಲ. ಲೋಹಗಾಂವ್ ವಿಮಾನನಿಲ್ದಾಣ ನಮ್ಮ ಬೆನ್ನಿಗೇ ಇದೆ. ಮಾತಿನ ನಡುವೆ ವಿಮಾನವೊಂದು ಮೇಲೆದ್ದರೆ ಇಲ್ಲಿಯವರು ಮಾತನ್ನು ಅಷ್ಟಕ್ಕೇ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಮುಂದುವರಿಸುತ್ತಾರೆ. ಮುಂಬಯಿಯ ರಕ್ಷಣೆಗೆಂದು ಬ್ರಿಟಿಷರು 1939ರಲ್ಲಿ ಇಲ್ಲಿ ವಾಯುನೆಲೆ ಹೂಡಿದರು. ಸುಮಾರು ಎರಡೂವರೆ ಕಿಲೋಮೀಟರು ಉದ್ದದ ರನ್‌ವೇಗೆ ಸಮನೆಲ ಬೇಕಷ್ಟೆ. ಹೀಗಾಗಿ ಗುಡ್ಡಗಳ ಊರಾದ ಪುಣೆಯಲ್ಲಿ ನಮ್ಮ ಪಾಲಿಗೆ ಬಂದದ್ದು ಬಯಲು. ವೇತಾಳ ಟೇಕಡಿ, ಪರ್ವತಿ, ತಳಜಾಯಿ ಎಲ್ಲವೂ ನಗರದ ಪಡುವಣಕ್ಕೋ ತೆಂಕಣಕ್ಕೋ ಇವೆ.

ಕಚೇರಿಗೆ ರಜವಿರುವ ಭಾನುವಾರಗಳಲ್ಲಿ ನಾವು ಈ ಬಯಲಿನಲ್ಲಿ ಬೈಸಿಕಲ್ಲು ತುಳಿಯತೊಡಗಿ ಮೂರು ವರ್ಷಗಳಾದುವು. ದತ್ತಮಂದಿರ ಚೌಕದಿಂದ ಹೊರಟರೆ ಮೊದಲು ಸಿಗುವುದು ಲೋಹಗಾಂವ್, ಸಂತ ತುಕಾರಾಮರ ತಾಯಿಯ ತವರು. ಆಮೇಲೆ ವಾಘೋಲಿ, ಲೋಣಿಕಂದ, ಕೊನೆಗೆ ತುಳಾಪುರ. ಅಲ್ಲಿ ಭೀಮಾ, ಭಾಮಾ, ಇಂದ್ರಾಯಣಿಗಳು ಕೂಡುತ್ತವೆ. ಸಂಭಾಜಿ ಮಹಾರಾಜರ ಸ್ಮಾರಕವೂ ಇದೆ. ನಮ್ಮೂರು ಅಫಜಲಪುರದ ಕಡೆ. ತುಳಾಪುರದ ನೀರು ಪಂಢರಪುರವನ್ನು ದಾಟಿ ನಮ್ಮೂರ ಕಡೆಗೇ ಹೋಗುವುದೆಂಬ ಒಂದು ಸಂತೋಷಕ್ಕಾಗಿಯೇ ಆ ದಾರಿ ನಮಗೆ ಬೇಸರವಾಗಿಲ್ಲ. ಹುಟ್ಟಿದ್ದು ಭೀಮೆಯ ಬಯಲಿನಲ್ಲಿ, ವಾಸ ವಿಮಾನಗಳ ಬಯಲಿನಲ್ಲಿ. ಇಂಥವರು ಗುಡ್ಡದ ಪಂದ್ಯಕ್ಕೆ ಹೋದ ಕಥೆ ಇದು.

ಕಳೆದ ಡಿಸೆಂಬರಿನಲ್ಲಿ ನಗರದ ತೆಂಕಣ ಗುಡ್ಡಗಳಲ್ಲಿ ಹವ್ಯಾಸಿಗಳಿಗಾಗಿ ಮೌಂಟನ್ ಬೈಕ್ ಪಂದ್ಯವೊಂದು ನಡೆಯಿತು. ಸುತ್ತುಗಳು ಐದು. ನಲವತ್ತಮೂರು ಮಂದಿಯಲ್ಲಿ ನಮಗೆ ದೊರೆತದ್ದು ಮೂವತ್ತೆಂಟನೆಯ ಸ್ಥಾನ. ಅದೂ ಪೂರ್ತಿಯಲ್ಲ; ನಾಲ್ಕನೆಯ ಸುತ್ತಿನ ಕೊನೆಯಲ್ಲಿ ಪಂಚರು ಕೈಯೆತ್ತಿ ನಿಲ್ಲಿಸಿದರು. ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ‘ಒಂದು ಸುತ್ತು ಕಡಿಮೆ’ ಎಂದು ಬರೆದಿತ್ತು.

ಮೊದಲ ಹತ್ತರೊಳಗೆ ಬರುವೆವೆಂದು ಮನಸ್ಸಿನಲ್ಲೇ ಎಣಿಸಿದ್ದವರಿಗೆ ಇದು ಸಣ್ಣ ಪೆಟ್ಟಲ್ಲ. ಸೋಮವಾರ ಕಚೇರಿಯಲ್ಲಿ “ಏನಾಯಿತು?” ಎಂದವರಿಗೆ “ಮುಗಿಯಿತು” ಎಂದಷ್ಟೇ ಹೇಳಿ ಕಡತದ ದಾರ ಬಿಚ್ಚಿದೆವು. ಎರಡು ಭಾನುವಾರ ಬೈಸಿಕಲ್ಲು ಮೊಗಸಾಲೆಯಲ್ಲೇ ಇತ್ತು. ಅದನ್ನು ಮಾರಿದರೆ ಎಷ್ಟು ಬಂದೀತೆಂದು ವಿಚಾರಿಸಿದ್ದೂ ಆಯಿತು. ನಮ್ಮ ಮನೆಯವರು ಏನೂ ಹೇಳಲಿಲ್ಲ. ಅದರ ಮೇಲಿನ ಧೂಳು ಮಾತ್ರ ಒರೆಸಿದರು.

ಕೇಳಿದವಳು ಒಂಬತ್ತು ವರ್ಷದ ಮಗಳು.

“ಅಪ್ಪಾ, ನಿಮ್ಮನ್ನ ಯಾಕ ನಿಲ್ಲಿಸಿದ್ರು?”

ನಿಯಮ ವಿವರಿಸಿದೆವು. ಮುಂದಾಳು ಮೊದಲ ಸುತ್ತಿಗೆ ತೆಗೆದುಕೊಂಡ ವೇಳೆಯ ನೂರಕ್ಕೆ ಎಂಬತ್ತರಷ್ಟು ಹಿಂದೆ ಬಿದ್ದವರನ್ನು ಹೊರಗೆ ಕರೆಯುತ್ತಾರೆ. ಅವನ ಸುತ್ತು ಹದಿನೈದು ನಿಮಿಷದ್ದಾದರೆ, ಹನ್ನೆರಡು ನಿಮಿಷ ಹಿಂದುಳಿದವನು ಇಳಿಯಬೇಕು. ದೊಡ್ಡ ಪಂದ್ಯಗಳಲ್ಲಿಯೂ ಇದೇ ಕ್ರಮ.

“ಹಂಗಾದ್ರ ನಾಕು ಸುತ್ತು ಹೊಡದದ್ದು ಲೆಕ್ಕಕ್ಕಿಲ್ಲೇನು?”

ಲೆಕ್ಕಕ್ಕಿದೆ. ಇಳಿಸಲ್ಪಟ್ಟವನಿಗೂ ಸ್ಥಾನ ಕೊಡುತ್ತಾರೆ. ‘ಒಂದು ಕಡಿಮೆ’ ಎಂದು ಬರೆಯಬೇಕಾದರೆ ಉಳಿದ ನಾಲ್ಕನ್ನು ಯಾರೋ ಎಣಿಸಿರಲೇಬೇಕು. ಹದಿನೈದು ದಿನ ಆ ಪಟ್ಟಿಯನ್ನು ನೋಡಿದ್ದ ನಮಗೆ ಇದು ಹೊಳೆದಿರಲಿಲ್ಲ.

ಅಂದು ರಾತ್ರಿ ಸುತ್ತುಗಳ ವೇಳೆಯನ್ನು ಕಡತ ಓದುವಂತೆ ಓದಿದೆವು. ಇಳಿಜಾರಿನಲ್ಲೂ ಸಮನೆಲದಲ್ಲೂ ನಾವು ನಡುವಿನವರ ಜೊತೆಗೇ ಇದ್ದೆವು, ಸೋತದ್ದೆಲ್ಲ ಏರಿನಲ್ಲಿ. ಬಯಲಿನಲ್ಲಿ ಸವಾರನ ವೈರಿ ಗಾಳಿ, ಏರಿನಲ್ಲಿ ಅವನ ತೂಕವೇ ವೈರಿ. ಬಯಲಿನಲ್ಲಿ ಕಾಲು ಗಳಿಗೆ ಬಿಡುವು ಪಡೆದರೂ ಗಾಲಿ ಉರುಳುತ್ತದೆ. ಏರಿನಲ್ಲಿ ಆ ಗಳಿಗೆಯಲ್ಲೇ ನಿಲ್ಲುತ್ತದೆ. ಜಲ್ಲಿಯ ಏರಿನಲ್ಲಂತೂ ಹಿಂದಿನ ಗಾಲಿ ಜಾರದಂತೆ ಸೀಟಿನ ಮೇಲೆ ಭಾರವಿರಬೇಕು, ಮುಂದಿನದು ಎದ್ದೇಳದಂತೆ ಎದೆ ಬಾಗಿರಬೇಕು. ಇದನ್ನು ಲೋಹಗಾಂವ್ ರಸ್ತೆ ಕಲಿಸಲಾರದು. ಹಾಗೆಂದು ಅದು ಕಲಿಸಿದ್ದು ಸುಳ್ಳೂ ಅಲ್ಲ.

ಫ್ರಾನ್ಸಿನ ಪೊಲೀನ್ ಫೆರಾಂ-ಪ್ರೆವೊ ಎಂಬಾಕೆ 2015ರಲ್ಲಿ ಈ ಆಟದ ವಿಶ್ವಪಟ್ಟ ಗೆದ್ದವರು. ಮರುವರ್ಷವೇ ರಿಯೋ ಒಲಿಂಪಿಕ್ಸಿನಲ್ಲಿ ಪಂದ್ಯವನ್ನು ಮುಗಿಸಲಾಗಲಿಲ್ಲ. 2021ರಲ್ಲಿ ಟೋಕಿಯೋದಲ್ಲಿ ಹತ್ತನೆಯವರು. 2024ರಲ್ಲಿ ಪ್ಯಾರಿಸಿನಲ್ಲಿ ಚಿನ್ನ. ಅವರ ಕಾಲೆಲ್ಲಿ, ಗುಮಾಸ್ತನ ಕಾಲೆಲ್ಲಿ! ಆದರೂ ಅಂಥವರ ಹೆಸರೂ ಒಮ್ಮೆ ಮುಗಿಸದವರ ಸಾಲಿನಲ್ಲಿತ್ತೆಂಬುದು ತಿಳಿದಿರಲಿ. ಬಯಲುಸೀಮೆಗೆ ಈ ಆಟ ಹೊರಗಿನದೆಂದೂ ಅನ್ನಬೇಕಾಗಿಲ್ಲ. 2022ರಲ್ಲಿ ರಾಷ್ಟ್ರೀಯ ಪಂದ್ಯಗಳು ನಡೆದದ್ದು ಗದಗಿನ ಬಳಿಯ ಬಿಂಕದಕಟ್ಟಿಯಲ್ಲಿ.

ಈಗ ಒಂದು ಭಾನುವಾರ ತುಳಾಪುರ, ಒಂದು ಭಾನುವಾರ ಹಡಪಸರದಾಚೆಯ ದಿವೆ ಘಾಟ. ಡಾಂಬರಿನ ದಾರಿಯಾದರೂ ಏರು ಏರೇ. ಜ್ಞಾನೇಶ್ವರರ ಪಾಲಖಿ ಪಂಢರಪುರಕ್ಕೆ ಹೋಗುವಾಗ ಇದೇ ಘಾಟವನ್ನು ಹತ್ತುತ್ತದೆ. ರಥಕ್ಕೆ ಇಲ್ಲಿ ಹೆಚ್ಚಿನ ಎತ್ತುಗಳನ್ನು ಹೂಡುತ್ತಾರೆ; ಮುದುಕ ಮುದುಕಿಯರು ನಿಂತು ನಿಂತು ಏರುತ್ತಾರೆ. ಯಾರು ಮೊದಲು ಬಂದರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಮೊದಲ ಸಲ ನಾವು ನಾಲ್ಕು ಕಡೆ ನಿಂತೆವು, ಮೊನ್ನೆ ಎರಡು ಕಡೆ. ಬರುವ ಡಿಸೆಂಬರಿನ ಪಂದ್ಯಕ್ಕೆ ಹೆಸರು ಕೊಡುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಬಳಗದವರಲ್ಲಿ ಯಾರಿಗಾದರೂ ಘಾಟಕ್ಕೆ ಬರುವ ಮನಸ್ಸಿದ್ದರೆ ಬೆಳಗಿನ ಐದೂವರೆಗೆ ದತ್ತಮಂದಿರ ಚೌಕದಲ್ಲಿ ಸಿಗುತ್ತೇವೆ.