ಕಿತ್ತಳೆ ಕೋನಿನ ತವರಿನಲ್ಲಿ

ಪ್ಯಾರಿಸ್‌ನ ದಕ್ಷಿಣಕ್ಕಿರುವ ಶಾತನೇ-ಮಲಾಬ್ರಿಯಲ್ಲಿ ಟಿ-10 ಟ್ರಾಮ್ ನನ್ನನ್ನು ಇಳಿಸಿತು. ನಿಲ್ದಾಣದ ಹೆಸರು ಲಾವಾಲೆ. ಸುತ್ತಲೂ ಹೊಸ ಅಪಾರ್ಟ್‌ಮೆಂಟುಗಳು, ಎಲೆ ಉದುರಿಸಿ ನಿಂತ ಎಳೆಯ ಮರಗಳು, ಕಿವಿ ಕೊರೆಯುವ ಚಳಿಗಾಳಿ. ನಾನು ಹುಡುಕಿಕೊಂಡು ಬಂದ ಎಕೋಲ್ ಸೆಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜು 2017ರಲ್ಲೇ ಇಲ್ಲಿಂದ ಸಾಕ್ಲೇ ಕಡೆಗೆ ಹೋಗಿಬಿಟ್ಟಿದೆ. ಗೊತ್ತಿದ್ದೇ ಬಂದಿದ್ದೆ. ಕಟ್ಟಡ ಹೋದರೇನು, ನೆಲ ಅದೇ ತಾನೆ?

1996ರಲ್ಲಿ ಇಲ್ಲಿನ ಹಾಸ್ಟೆಲ್ ಹುಡುಗರಿಗೆ ಕ್ಯಾಂಪಸ್ಸಿನ ನೆಟ್‌ವರ್ಕ್ ತೀರಾ ನಿಧಾನವೆನಿಸಿತ್ತು. ಗೇಮ್ ಆಡಲು ಆಗುತ್ತಿರಲಿಲ್ಲ. ಹೊಸ ನೆಟ್‌ವರ್ಕ್ ಹಾಕಿಸಿಕೊಳ್ಳಲು ಒಂದು ಗಟ್ಟಿ ಕಾರಣ ಬೇಕಿತ್ತು. ಪ್ರತಿ ಕೋಣೆಗೂ ಒಂದೊಂದು ಡಿಶ್, ಒಂದೊಂದು ಡಿಕೋಡರ್ ಯಾಕೆ, ಮಾಡಿನ ಮೇಲೆ ಒಂದೇ ದೊಡ್ಡ ಡಿಶ್ ಇಟ್ಟು ಟಿವಿಯನ್ನು ನೆಟ್‌ವರ್ಕಿನಲ್ಲೇ ಎಲ್ಲರಿಗೂ ಹರಿಸೋಣ ಎಂಬ ವಿಡಿಯೋಲ್ಯಾನ್ ಯೋಜನೆ ಹುಟ್ಟಿದ್ದು ಹೀಗೆ. ಹಾಗೆ ಹರಿದು ಬಂದ ಚಿತ್ರವನ್ನು ನೋಡಲು ಬರೆದ ಪ್ರೋಗ್ರಾಮೇ ವಿಎಲ್‌ಸಿ. ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿ ಸಂಘದವರು ರಸ್ತೆಯ ಕೋನುಗಳನ್ನು ತಂದು ಗುಡ್ಡೆ ಹಾಕಿಕೊಂಡಿದ್ದರಂತೆ. ನಮ್ಮ ಕಂಪ್ಯೂಟರುಗಳ ಪರದೆಯ ಮೇಲೆ ಇಂದಿಗೂ ಕೂತಿರುವ ಬಿಳಿ ಪಟ್ಟೆಯ ಕಿತ್ತಳೆ ಕೋನು ಅಲ್ಲಿಂದಲೇ ಬಂದದ್ದು. ಹಾಸನದ ಸೈಬರ್ ಕೆಫೆಯಿಂದ ಹಿಡಿದು ಧಾರವಾಡದ ಹಾಸ್ಟೆಲ್‌ವರೆಗೆ, ಬೇರಾವುದರಲ್ಲೂ ಓಡದ ಮದುವೆ ಸಿಡಿಯನ್ನು ಓಡಿಸಿದ ಆ ಕೋನು ಈ ನೆಲದ್ದು ಎಂದುಕೊಂಡಾಗ ನನಗೆ ನಿಜಕ್ಕೂ ರೋಮಾಂಚನವಾಯಿತು.

2001ರ ಫೆಬ್ರವರಿ 1ರಂದು ಈ ಕೋಡ್ ಜಿಪಿಎಲ್ ಎಂಬ ಲೈಸೆನ್ಸಿನ ಅಡಿಯಲ್ಲಿ ಲೋಕಕ್ಕೆ ಬಿಡುಗಡೆಯಾಯಿತು. ಆ ಲೈಸೆನ್ಸ್ ದುಡ್ಡು ಕೇಳುವುದಿಲ್ಲ. ಬಳಸಿ, ಬದಲಿಸಿ, ಬೇಕಿದ್ದರೆ ಮಾರಿ ಎನ್ನುತ್ತದೆ. ಆದರೆ ಇದನ್ನು ಸೇರಿಸಿ ಮಾಡಿದ ಪ್ರೋಗ್ರಾಮನ್ನು ಇನ್ನೊಬ್ಬರಿಗೆ ಕೊಡುವಾಗ ಅದರ ಸೋರ್ಸ್ ಕೋಡನ್ನೂ ಇದೇ ಷರತ್ತಿನಲ್ಲಿ ಕೊಡಬೇಕು, ಬರೆದವರ ಹೆಸರು ಅಳಿಸಬಾರದು. ಕೇಳುವ ಬೆಲೆ ಇಷ್ಟೇ. ಇಷ್ಟನ್ನೂ ಕೊಡದವರಿದ್ದಾರೆ ಎಂಬುದೇ ನನ್ನನ್ನು ಇಷ್ಟು ದೂರ ಎಳೆದು ತಂದಿತ್ತು.

ಕ್ರುವಾ ದ ಬೆರ್ನಿಯಲ್ಲಿ ಆರ್‌ಇಆರ್ ಬಿ ರೈಲು ಹತ್ತಿ ಲೋಜೇರ್‌ಗೆ ಹೋದೆ. ಸಣ್ಣ ನಿಲ್ದಾಣ. ಅಲ್ಲಿಂದ ಕಾಡಿನ ನಡುವೆ ಮೆಟ್ಟಿಲುಗಳು ಗುಡ್ಡ ಹತ್ತುತ್ತವೆ. ಮೇಲೆ ಎಕೋಲ್ ಪಾಲಿಟೆಕ್ನಿಕ್. ಅಲ್ಲಿ ಓದಿದ ಫಾಬ್ರೀಸ್ ಬೆಲಾರ್ 2000ದಲ್ಲಿ ವಿಡಿಯೋ, ಆಡಿಯೋಗಳನ್ನು ಅಡಕಗೊಳಿಸುವ, ಬಿಡಿಸುವ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ಲೈಬ್ರರಿಯನ್ನು ಶುರುಮಾಡಿದರು. ಮೊದಮೊದಲು ಜೆರಾರ್ ಲಾಂತೋ ಎಂಬ ಗುಪ್ತನಾಮದಲ್ಲಿ! ಮುಂದೆ 2009ರಲ್ಲಿ ಇದೇ ಮನುಷ್ಯ ಸಾಮಾನ್ಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಪೈಯ ಬೆಲೆಯನ್ನು ಸುಮಾರು 2.7 ಲಕ್ಷ ಕೋಟಿ ಅಂಕಿಗಳವರೆಗೆ ಲೆಕ್ಕ ಹಾಕಿದರು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವಾಗ ಇವೆಲ್ಲ ತಲೆಯಲ್ಲಿ ಸುತ್ತುತ್ತಿದ್ದವು. ಒಬ್ಬರು ಶುರುಮಾಡಿ ಸಾವಿರಾರು ಕೈಗಳು ಬೆಳೆಸಿದ ಈ ಎಫ್‌ಎಫ್‌ಎಂಪೆಗ್ ಇಂದು ವಿಎಲ್‌ಸಿಯ ಒಳಗಿದೆ, ಕ್ರೋಮ್ ಬ್ರೌಸರಿನ ಒಳಗಿದೆ. 2021ರ ಫೆಬ್ರವರಿಯಲ್ಲಿ ಪರ್ಸೆವೆರೆನ್ಸ್ ರೋವರ್ ಮಂಗಳ ಗ್ರಹದಲ್ಲಿ ಇಳಿದ ದೃಶ್ಯಗಳನ್ನು ನಾವೆಲ್ಲ ಬಾಯಿ ಬಿಟ್ಟು ನೋಡಿದೆವಲ್ಲ, ಆ ಚಿತ್ರಗಳನ್ನು ಅಡಕಗೊಳಿಸಲು ಅಲ್ಲಿಯೂ ಇದೇ ಕೋಡ್ ಕೆಲಸ ಮಾಡಿತ್ತು.

ಎಫ್‌ಎಫ್‌ಎಂಪೆಗ್‌ನ ಬಹುಪಾಲು ಇರುವುದು ಎಲ್‌ಜಿಪಿಎಲ್ ಎಂಬ ಇನ್ನೊಂದು ಲೈಸೆನ್ಸಿನ ಅಡಿಯಲ್ಲಿ. ಅದು ಇನ್ನೂ ಉದಾರ. ಕಂಪನಿ ತನ್ನ ಗುಟ್ಟಿನ ಪ್ರೋಗ್ರಾಮನ್ನು ಗುಟ್ಟಾಗಿಯೇ ಇಟ್ಟುಕೊಳ್ಳಬಹುದು. ಈ ಲೈಬ್ರರಿಯಲ್ಲಿ ಮಾಡಿದ ಬದಲಾವಣೆಗಳನ್ನಷ್ಟೇ ತೆರೆದು ತೋರಿಸಬೇಕು, ಬಳಕೆದಾರ ಬಯಸಿದರೆ ಲೈಬ್ರರಿಯನ್ನು ಬದಲಿಸಿಕೊಳ್ಳಲು ದಾರಿ ಬಿಡಬೇಕು. ಅಷ್ಟೂ ಮಾಡದವರ ಹೆಸರನ್ನು ಡೆವಲಪರ್‌ಗಳು ಒಂದು ಲಜ್ಜೆಯ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಒಂದು ಕಾಲಕ್ಕೆ ನಮ್ಮಲ್ಲೂ ಮನೆಮಾತಾಗಿದ್ದ ಜಿಒಎಂ ಪ್ಲೇಯರ್, ಕೆಎಂಪ್ಲೇಯರ್ ಎರಡೂ ಆ ಪಟ್ಟಿಯಲ್ಲಿದ್ದವು.

ಅದೇ ಬಿ ಲೈನು ಗಾರ್ ದು ನಾರ್‌ಗೆ ತಂದುಬಿಟ್ಟಿತು. ಅಲ್ಲಿಂದ ಬ್ರಸೆಲ್ಸ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯೂ ಇಲ್ಲ. ಕಿಟಕಿಯಾಚೆ ಚಪ್ಪಟೆ ಹೊಲಗಳು ಓಡುತ್ತಿದ್ದಾಗ ಲ್ಯಾಪ್‌ಟಾಪ್ ತೆಗೆದೆ. ಗೆಳೆಯನೊಬ್ಬ ಚಿಕ್ಕದು ಮಾಡಿ ಕಳಿಸಿದ್ದ ಯಕ್ಷಗಾನದ ಒಂದು ವಿಡಿಯೋ ಅದರಲ್ಲಿತ್ತು. ಅದನ್ನು ಚಿತ್ರವಾಗಿ ನೋಡದೆ ಬರಿಯ ಬೈಟುಗಳಾಗಿ ತೆರೆದೆ. ಅರ್ಥವಾಗದ ಅಕ್ಷರಗಳ ರಾಶಿಯ ನಡುವೆ ಓದಬಲ್ಲ ಒಂದು ಸಾಲು ಕಾಣಿಸಿತು: ವಿಡಿಯೋ ಅಡಕಗೊಳಿಸುವ ಎಕ್ಸ್264 ಎಂಬ ಮುಕ್ತ ಪ್ರೋಗ್ರಾಮಿನ ಹೆಸರು, ಅದರ ಆವೃತ್ತಿ, ಬಳಿಕ 'ಕಾಪಿಲೆಫ್ಟ್ 2003' ಎಂದು ಶುರುವಾಗುವ ವರ್ಷಗಳು, ವಿಡಿಯೋಲ್ಯಾನ್‌ನ ವಿಳಾಸ. ಎಕ್ಸ್264 ತಾನು ಎನ್‌ಕೋಡ್ ಮಾಡುವ ಚಿತ್ರದೊಳಗೆ ಇಂಥದೊಂದು ಸಾಲನ್ನು ತಾನಾಗಿ ಬರೆದಿಡುತ್ತದೆ. ಯಾರಾದರೂ ಬೇಕೆಂದೇ ತೆಗೆಯದಿದ್ದರೆ ಅದು ಅಲ್ಲೇ ಉಳಿಯುತ್ತದೆ. ಚಂಡೆ ಬಾರಿಸುತ್ತಿದ್ದ ಆ ರಾತ್ರಿಯ ಚಿತ್ರದೊಳಗೆ ಎಲ್ಲಿಯದೋ ಸ್ವಯಂಸೇವಕರ ರುಜು ಕೂತಿತ್ತು, ನಾನು ಅದನ್ನು ಅಷ್ಟು ಸಲ ನೋಡಿಯೂ ಕಂಡಿರಲಿಲ್ಲ.

ಕೋಡ್ ಕದ್ದವರು ಸಿಕ್ಕಿಬೀಳುವುದು ಬಹುಮಟ್ಟಿಗೆ ಇಂಥ ರುಜುಗಳಿಂದಲೇ. 2004ರ ಜನವರಿಯಲ್ಲಿ ಎಂಪ್ಲೇಯರ್ ಎಂಬ ಮುಕ್ತ ಪ್ಲೇಯರಿನ ತಂಡ ಡೆನ್ಮಾರ್ಕಿನ ಕಿಸ್ ಟೆಕ್ನಾಲಜಿ ಎಂಬ ಡಿವಿಡಿ ಪ್ಲೇಯರ್ ಕಂಪನಿಯತ್ತ ಬೊಟ್ಟು ಮಾಡಿತು: ನಿಮ್ಮ ಪೆಟ್ಟಿಗೆಯ ಫರ್ಮ್‌ವೇರಿನಲ್ಲಿ ನಮ್ಮ ಜಿಪಿಎಲ್ ಕೋಡ್ ಇದೆ, ಸೋರ್ಸ್ ಎಲ್ಲಿ? ಕಂಪನಿಯ ಮುಖ್ಯಸ್ಥರು ಮಾತನ್ನು ತಿರುಗಿಸಿದರು. ಅವರೇ ನಮ್ಮಿಂದ ತೆಗೆದುಕೊಂಡಿರಬಹುದು ಎಂದರು. ಆದರೆ ಆ ಪೆಟ್ಟಿಗೆ ಓದಬಲ್ಲ ಸಬ್‌ಟೈಟಲ್ ಫೈಲುಗಳಲ್ಲಿ ಒಂದು ಬಗೆಯದು ಎಂಪ್ಲೇಯರ್ ಡೆವಲಪರ್ ಒಬ್ಬರು 2001ರಲ್ಲಿ ತಮ್ಮ ಪ್ಲೇಯರಿಗೆಂದೇ ರೂಪಿಸಿದ್ದು. ಪರರ ಹೊಲದ ಬೆಳೆ ಕೊಯ್ದವನು ಅವಸರದಲ್ಲಿ ಅವರ ಬೆದರುಬೊಂಬೆಯನ್ನೂ ಹೊತ್ತು ತಂದ ಹಾಗಾಗಿತ್ತು.

ಅದಕ್ಕೂ ಮುಂಚೆ, 2002ರ ಬೇಸಿಗೆಯಲ್ಲಿ, ಅಮೆರಿಕದ ಸಿಗ್ಮಾ ಡಿಸೈನ್ಸ್ ಬಿಡುಗಡೆ ಮಾಡಿದ ವಿಡಿಯೋ ಕೋಡೆಕ್‌ನಲ್ಲಿ ತಮ್ಮ ಕೋಡ್ ಇರುವುದನ್ನು ಎಕ್ಸ್‌ವಿಡ್ ಎಂಬ ಮುಕ್ತ ಕೋಡೆಕ್‌ನ ತಂಡ ಕಂಡುಹಿಡಿಯಿತು. ಕೋರ್ಟಿಗೆ ಹೋಗಲು ಹಣವಿಲ್ಲದ ಆ ತಂಡ ಆಗಸ್ಟಿನಲ್ಲಿ ತನ್ನ ಕೆಲಸವನ್ನೇ ನಿಲ್ಲಿಸಿ ಪ್ರತಿಭಟಿಸಿತು. ಸಂಬಳವಿಲ್ಲದವರು ಹೂಡಿದ ಮುಷ್ಕರ! ಅದೇ ತಿಂಗಳು ಸಿಗ್ಮಾ ತನ್ನ ಕೋಡೆಕ್‌ನ ಸೋರ್ಸ್ ಕೋಡನ್ನು ಹೊರಗಿಟ್ಟಿತು. ಇಡೀ ಪ್ರವಾಸದಲ್ಲಿ ನಾನು ಮತ್ತೆ ಮತ್ತೆ ನೆನೆದ ಘಟನೆ ಇದು. ಕೈಯಲ್ಲಿ ಏನೂ ಇಲ್ಲದವರ ನೈತಿಕ ಬಲ ಒಂದು ಕಂಪನಿಯನ್ನು ಬಗ್ಗಿಸಿದ್ದು ಸಣ್ಣ ಸಂಗತಿಯಲ್ಲ.

ಮರುದಿನ ಬೆಳಿಗ್ಗೆ ಬ್ರಸೆಲ್ಸ್‌ನ 71ನೇ ನಂಬರಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಹೊರಟಿದ್ದು ಸೊಲ್‌ಬೊಶ್‌ನ ವಿಶ್ವವಿದ್ಯಾಲಯಕ್ಕೆ, ಫಾಸ್ಡೆಮ್ ಎಂಬ ಮುಕ್ತ ತಂತ್ರಾಂಶದ ಜಾತ್ರೆಗೆ. ಟಿಕೆಟ್ ಇಲ್ಲ, ನೋಂದಣಿ ಇಲ್ಲ. ಎಂಟು ಸಾವಿರಕ್ಕೂ ಮಿಕ್ಕಿ ಜನ. ತುಂಬಿದ ಕೋಣೆಯ ಬಾಗಿಲಿಗೆ 'ಭರ್ತಿ' ಎಂಬ ಹಾಳೆ ಅಂಟಿಸುತ್ತಾರೆ, ಒಳಗಿನವರು ಎದ್ದು ಬಂದರಷ್ಟೇ ಹೊರಗಿನವರಿಗೆ ಜಾಗ. ಕೆ ಕಟ್ಟಡದ ಮಳಿಗೆಗಳ ಸಾಲಿನಲ್ಲಿ ತಲೆಗೆ ಕೋನಿನ ಟೋಪಿ ಹಾಕಿಕೊಂಡವರನ್ನು ದೂರದಿಂದಲೇ ಗುರುತಿಸಿದೆ. ಮಾತಾಡಬೇಕೆಂದು ಎಷ್ಟೋ ಕೂಡಿಟ್ಟುಕೊಂಡು ಬಂದಿದ್ದೆ, ಎದುರು ನಿಂತಾಗ 'ಥ್ಯಾಂಕ್ಸ್' ಎನ್ನುವುದಷ್ಟೇ ಆಯಿತು. ಅದನ್ನೇ ಹೇಳಲು ಸಾಲಿನಲ್ಲಿ ನಿಂತವರು ಇನ್ನೂ ಹಲವರಿದ್ದರು.

ಕಾರಿಡಾರಿನಲ್ಲಿ ಯಾರನ್ನು ಮಾತಾಡಿಸಿದರೂ ಒಂದು ವಿಷಯ ಸ್ಪಷ್ಟವಾಗುತ್ತಿತ್ತು. ಇವರಿಗೆ ಬೇಕಿರುವುದು ಶಿಕ್ಷೆಯಲ್ಲ, ಪಾಲನೆ. 2021ರ ಡಿಸೆಂಬರಿನಲ್ಲಿ ಟಿಕ್‌ಟಾಕ್ ತಂದ ಲೈವ್ ಸ್ಟುಡಿಯೋ ಪ್ರೋಗ್ರಾಮಿನಲ್ಲಿ ಒಬಿಎಸ್ ಎಂಬ ಮುಕ್ತ ನೇರಪ್ರಸಾರ ತಂತ್ರಾಂಶದ ಜಿಪಿಎಲ್ ಕೋಡ್ ಸಿಕ್ಕಾಗಲೂ ಒಬಿಎಸ್ ತಂಡ ಹೇಳಿದ್ದು, ಲೈಸೆನ್ಸ್ ಪಾಲಿಸುವುದಾದರೆ ಸಂತೋಷದಿಂದ ಜೊತೆಗೂಡುತ್ತೇವೆ ಎಂದೇ. ಟಿಕ್‌ಟಾಕ್ ಆ ಡೌನ್‌ಲೋಡನ್ನು ಹಿಂತೆಗೆಯಿತು. ಎಫ್‌ಎಫ್‌ಎಂಪೆಗ್ ತಂಡ ಕಂಪನಿಗಳಿಗೆಂದೇ ಬರೆದಿಟ್ಟಿರುವ ಸೂಚನೆಗಳಂತೂ ಮೇಷ್ಟರು ಮಗುವಿನ ಕೈ ಹಿಡಿದು ಬರೆಸುವಷ್ಟು ತಾಳ್ಮೆಯವು: ಲೈಬ್ರರಿ ಫೈಲಿನ ಹೆಸರನ್ನು ಗುರುತು ಸಿಗದಂತೆ ಬದಲಿಸಬೇಡಿ, ಹಿಂದೆ ಮುಂದೆ ನಿಮ್ಮ ಹೆಸರು ಸೇರಿಸಿದರೆ ಅಡ್ಡಿಯಿಲ್ಲ, ಇಂಗ್ಲಿಷಿನಲ್ಲಿ ಎಫ್‌ಎಫ್‌ಎಂಪೆಗ್ ಎಂದು ಬರೆಯುವಾಗ ಮೊದಲ ಎರಡು ಅಕ್ಷರ ದೊಡ್ಡವು, ಉಳಿದವು ಚಿಕ್ಕವು.

ಕಾನೂನಿನ ಗೋಷ್ಠಿಯ ಬಾಗಿಲಲ್ಲಿ ಬಹಳ ಹೊತ್ತು ಕಾದು ಒಳಗೆ ಜಾಗ ಗಿಟ್ಟಿಸಿದೆ. ಅಲ್ಲಿಗೆ ಬಂದವರ ಬಾಯಲ್ಲೆಲ್ಲ ಕ್ಯಾಲಿಫೋರ್ನಿಯಾದ ಒಂದು ಮೊಕದ್ದಮೆ. ವಿಜಿಯೋ ಕಂಪನಿಯ ಸ್ಮಾರ್ಟ್ ಟಿವಿಗಳಲ್ಲಿ ಲಿನಕ್ಸ್ ಕರ್ನೆಲ್, ಎಫ್‌ಎಫ್‌ಎಂಪೆಗ್ ಮುಂತಾದವು ಇವೆ, ಪೂರ್ತಿ ಸೋರ್ಸ್ ಕೊಟ್ಟಿಲ್ಲ ಎಂದು ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆ 2021ರ ಅಕ್ಟೋಬರಿನಲ್ಲಿ ದಾವೆ ಹೂಡಿತು. ಅಲ್ಲಿಯವರೆಗೆ ಇಂಥ ದಾವೆಗಳನ್ನು ಹಾಕುತ್ತಿದ್ದವರು ಕೋಡಿನ ಹಕ್ಕುಸ್ವಾಮ್ಯ ಇದ್ದವರು. ಕನ್ಸರ್ವೆನ್ಸಿ ಇಲ್ಲಿ ಹೋದದ್ದು ಅಂಗಡಿಯಿಂದ ಟಿವಿ ಕೊಂಡ ಗಿರಾಕಿಯಾಗಿ. ಲೈಸೆನ್ಸ್ ಎಂಬುದು ಬರೆದವನಿಗೂ ಕಂಪನಿಗೂ ನಡುವಿನ ಕಾಗದ ಮಾತ್ರವಲ್ಲ, ಕೊಳ್ಳುವವನಿಗೆ ಕೊಟ್ಟ ಮಾತು ಕೂಡ ಎಂಬುದು ಅದರ ವಾದ. ಪ್ರಕರಣವನ್ನು ವಿಚಾರಣೆಯಿಲ್ಲದೆ ಮುಗಿಸಿಬಿಡಿ ಎಂದು ವಿಜಿಯೋ ಕೇಳಿದ್ದನ್ನು ನ್ಯಾಯಾಧೀಶರು 2023ರ ಡಿಸೆಂಬರಿನಲ್ಲಿ ಒಪ್ಪಲಿಲ್ಲ.

ಸಂಜೆ ಹೋಟೆಲಿನ ಕೋಣೆಯಲ್ಲಿ ಟಿವಿ ಹಾಕಿ ಸೆಟ್ಟಿಂಗ್ಸ್ ಒಳಗೆ ಹೊಕ್ಕೆ. ಓಪನ್ ಸೋರ್ಸ್ ಲೈಸೆನ್ಸುಗಳ ಪುಟ ಅಲ್ಲಿತ್ತು. ರಿಮೋಟಿನ ಬಾಣದ ಗುಂಡಿ ಒತ್ತುತ್ತ ಕೆಳಗಿಳಿದಂತೆ ಹೆಸರುಗಳು ಮುಗಿಯಲೇ ಇಲ್ಲ, ನಡುವೆ ಎಫ್‌ಎಫ್‌ಎಂಪೆಗ್ ಕೂಡ ಬಂತು, ಸ್ಪೆಲಿಂಗ್ ಸರಿಯಾಗಿಯೇ ಇತ್ತು. ಕೊನೆಯಲ್ಲಿ ಸೋರ್ಸ್ ಕೋಡ್ ಬೇಕಾದವರು ಬರೆಯಬೇಕಾದ ವಿಳಾಸ. ಅದನ್ನು ಗುರುತು ಹಾಕಿಕೊಂಡು ಆಗಲೇ ಪತ್ರ ಬರೆಯಲು ಕೂತೆ.