ಬ್ರೇಕ್ ಫೇಲ್ ಅಂತ ಬರೆಯುವ ಮುಂಚೆ

‘ಬ್ರೇಕ್ ಫೇಲ್ ಆಗಿ ಅಪಘಾತ’ ಎಂದು ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಠಾಣೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಸಾಲು ಬರುತ್ತದೆ. ಅದಕ್ಕೆ ಊರು, ವಯಸ್ಸು ಸೇರಿಸಿ ಕಳಿಸುತ್ತೇವೆ. ಬ್ರೇಕ್ ಹೇಗೆ ಫೇಲಾಯಿತು ಎಂದು ಒಂದು ಸಲವೂ ಕೇಳಿದ ನೆನಪಿಲ್ಲ. ಕಳೆದ ಕಾರ್ತಿಕದಲ್ಲಿ ಹಾಲುರಾಮೇಶ್ವರದ ದಾರಿಯಲ್ಲಿ ಆ ಸುದ್ದಿ ನಮ್ಮ ಮೇಲೇ ಬರುವ ಹಾಗಿತ್ತು.

ನಾವೆಂದರೆ ಹೊಸದುರ್ಗ ತಾಲ್ಲೂಕಿನಲ್ಲಿ ಓಡಾಡುವ ಇಬ್ಬರು ಸ್ಟ್ರಿಂಗರ್‌ಗಳು. ಪತ್ರಿಕೆ ಬೇರೆ ಬೇರೆ, ಕಾರು ಒಂದೇ. ಹದಿನಾಲ್ಕು ವರ್ಷದ ಪೆಟ್ರೋಲ್ ಕಾರು, ನಮ್ಮ ಕೈಗೆ ಬರುವ ಹೊತ್ತಿಗೆ ಇಬ್ಬರು ಓಡಿಸಿ ಬಿಟ್ಟಿದ್ದರು. ಅದರ ಬ್ರೇಕ್ ಪೆಡಲ್ ಗಟ್ಟಿಯಾಗಿ ನಾಲ್ಕು ದಿನವಾಗಿತ್ತು. ನಮಗೆ ಗೊತ್ತಿತ್ತು. ‘ಚಳಿಗೆ ಹಂಗಾಗಿರಬೇಕು’ ಎಂದು ಒಬ್ಬರು, ‘ಈ ತಿಂಗಳ ದುಡ್ಡು ಬರಲಿ, ತೋರಿಸೋಣ’ ಎಂದು ಇನ್ನೊಬ್ಬರು. ಯಾರು ಯಾವುದು ಹೇಳಿದ್ದು ಎಂದು ಇಲ್ಲಿ ಬರೆಯುವುದಿಲ್ಲ.

ಆ ಸೋಮವಾರ ಹಾಲುರಾಮೇಶ್ವರಕ್ಕೆ ಹೋಗಿದ್ದೆವು. ಅಲ್ಲಿನ ಕೊಳದ ಮುಂದೆ ಬೇಡಿಕೊಂಡು ಕೂತರೆ ಗಂಗಮ್ಮ ನೀರಿನೊಳಗಿಂದ ಪ್ರಸಾದ ಕೊಡುತ್ತಾಳೆ ಎಂಬುದು ಭಕ್ತರ ನಂಬಿಕೆ. ಜನರ ಸಾಲಿನ ಫೋಟೊ ತೆಗೆದುಕೊಂಡು ವಾಪಸ್ ಬರುವಾಗ ಒಂದು ಇಳಿಜಾರಿನಲ್ಲಿ ಕುರಿ ಹಿಂಡು ರಸ್ತೆ ದಾಟುತ್ತಿತ್ತು. ಬ್ರೇಕ್ ಒತ್ತಿದರೆ ಬಂಡೆ ಒತ್ತಿದ ಹಾಗೆ. ಪೂರಾ ಮೈಭಾರ ಹಾಕಿದರೂ ಕಾರಿನ ಓಟ ಸ್ವಲ್ಪವೇ ಇಳಿಯಿತು. ಗೇರ್ ಎರಡಕ್ಕೆ ಬಿತ್ತು, ಪಕ್ಕದ ಸೀಟಿನಿಂದ ಒಂದು ಕೈ ಹ್ಯಾಂಡ್‌ಬ್ರೇಕ್ ಎಳೆಯಿತು. ನಿಂತಾಗ ಬಂಪರಿಗೂ ಕೊನೆಯ ಕುರಿಗೂ ಒಂದು ಮೊಳ. ಹಿಂದಿದ್ದ ಅಜ್ಜ, ‘ಕಣ್ಣು ಕಾಣಕಿಲ್ವೇನ್ರೋ’ ಎಂದು ಬೈದು ಕುರಿ ಎಣಿಸಿಕೊಂಡು ಹೋದರು.

ಹೊಸದುರ್ಗದ ನಮ್ಮ ಮೆಕ್ಯಾನಿಕ್‌ ಅಣ್ಣನಿಗೆ ಫೋನ್ ಮಾಡಿದೆವು. ‘ಬ್ರೇಕ್ ಫೇಲಾಗಿದೆ ಅಣ್ಣ’ ಎಂದರೆ ಆತ ಕೇಳಿದ್ದು ಒಂದೇ ಮಾತು: ‘ಪೆಡಲ್ ಒಳಕ್ಕೆ ಹೋಯ್ತಾ, ಹೋಗ್ಲೇ ಇಲ್ವಾ?’

ಈ ಪ್ರಶ್ನೆಯಲ್ಲಿ ಅರ್ಧ ಉತ್ತರವಿದೆ ಎಂದು ಆಮೇಲೆ ತಿಳಿಯಿತು. ಪೆಡಲ್ ಮೆತ್ತಗೆ ಒಳಕ್ಕೆ ಹೋದರೆ ಬ್ರೇಕ್ ಆಯಿಲ್ ಸೋರಿರಬಹುದು, ಪೈಪಿನಲ್ಲಿ ಗಾಳಿ ಸೇರಿರಬಹುದು. ಗಟ್ಟಿಯಾಗಿ ನಿಂತರೆ ಸಾಮಾನ್ಯವಾಗಿ ಆಯಿಲ್ ಸರಿಯಾಗೇ ಇರುತ್ತದೆ, ಕಾಲಿಗೆ ಇಂಜಿನ್ ಕೊಡುವ ಸಹಾಯ ನಿಂತುಹೋಗಿರುತ್ತದೆ. ಪೆಡಲಿನ ಮುಂದೆ ಬೂಸ್ಟರ್ ಎಂಬ ದುಂಡನೆಯ ಡಬ್ಬಿ ಇದೆ. ಅದರ ಒಳಗಿನ ಗಾಳಿಯನ್ನು ಇಂಜಿನ್ ಒಂದು ರಬ್ಬರ್ ಪೈಪಿನಿಂದ ಹೀರಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಡಬ್ಬಿಯೊಳಗಿನ ಪರದೆಯ ಒಂದು ಬದಿಗೆ ಹೊರಗಿನ ಗಾಳಿ ನುಗ್ಗಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಪರದೆ ಏಳು ಇಂಚು ಅಗಲ ಇದ್ದರೂ ಆ ತಳ್ಳಾಟ 150 ಕೆ.ಜಿ.ವರೆಗೆ ಹೋಗುತ್ತದೆ. ಅದಿಲ್ಲದಿದ್ದರೆ ಉಳಿಯುವುದು ನಮ್ಮ ಕಾಲಿನ ಬಲ ಮಾತ್ರ.

‘ಓಡಿಸ್ಬೇಡ್ರಿ, ಅಲ್ಲೇ ಇರ‍್ರಿ’ ಎಂದ ಅಣ್ಣ ಬೈಕಿನಲ್ಲಿ ಬಂದ. ಮೊದಲು ಇಂಜಿನ್ ಆಫ್ ಇಟ್ಟು ಪೆಡಲನ್ನು ಐದಾರು ಸಲ ಒತ್ತಿಸಿದ. ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಲು ಹೇಳಿದ. ಬೂಸ್ಟರ್ ಸರಿ ಇದ್ದರೆ ಆಗ ಪೆಡಲ್ ತಾನಾಗಿ ಸ್ವಲ್ಪ ಕೆಳಗೆ ಇಳಿಯಬೇಕು. ನಮ್ಮದು ಅಲ್ಲಾಡಲಿಲ್ಲ. ‘ಕಾಲ ಹತ್ರ ಬುಸ್ ಅಂತ ಸದ್ದು ಬರ್ತದಾ?’ ಬರುತ್ತಿರಲಿಲ್ಲ, ಅಂದರೆ ಪರದೆ ಹರಿದಿರುವ ಅನುಮಾನ ಕಡಿಮೆ. ಬಾನೆಟ್ ಎತ್ತಿ ಬೂಸ್ಟರಿನ ಪೈಪ್ ಕಿತ್ತು ಬಾಯಿಗೆ ಬೆರಳಿಟ್ಟ. ಎಳೆತವೇ ಇಲ್ಲ. ಇಂಜಿನ್ ಕಡೆಯ ತುದಿಯಲ್ಲಿ, ಕ್ಲಿಪ್ಪಿನ ಅಡಿಯಲ್ಲಿ, ರಬ್ಬರ್ ಸೀಳಿತ್ತು. ವಾರದಿಂದ ಇಂಜಿನ್ ಐಡ್ಲಿಂಗ್‌ನಲ್ಲಿ ಏದುಸಿರು ಬಿಡುತ್ತಿದ್ದುದೂ ಅದಕ್ಕೇ.

ಪೆಟ್ರೋಲ್ ಪೈಪ್ ಹಾಕಿದರೆ ಎಳೆತಕ್ಕೆ ಚಪ್ಪಟೆಯಾಗುತ್ತದೆ ಎಂದು ಊರಿನಿಂದ ವ್ಯಾಕ್ಯೂಮ್ ಪೈಪನ್ನೇ ತರಿಸಿದ. ಗಾಳಿಯನ್ನು ಒಂದೇ ಕಡೆ ಬಿಡುವ ವಾಲ್ವನ್ನು ಬಾಯಲ್ಲಿ ಊದಿ ನೋಡಿ ಸರಿ ಇದೆ ಎಂದ. ಎಲ್ಲ ಸೇರಿ 650 ರೂಪಾಯಿ. ಮತ್ತೆ ಅದೇ ಪರೀಕ್ಷೆ: ಸ್ಟಾರ್ಟ್ ಆದ ಕೂಡಲೇ ಪೆಡಲ್ ಕಾಲಡಿ ಇಳಿಯಿತು. ಇಬ್ಬರಿಗೂ ಒತ್ತಿ ನೋಡಿ ಎಂದ. ಹೊರಡುವಾಗ ಇನ್ನೊಂದು ಮಾತು: ‘ಇಳಿಜಾರಲ್ಲಿ ಪೆಟ್ರೋಲ್ ಉಳಿಸಕ್ಕೆ ಇಂಜಿನ್ ಆಫ್ ಮಾಡ್ತೀರಲ್ಲ, ಆಗ್ಲೂ ಎರಡು ಮೂರು ಸಲ ಒತ್ತೋದ್ರೊಳಗೆ ಹಿಂಗೇ ಕಲ್ಲಾಗ್ತದೆ.’ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಡೀಸೆಲ್ ಗಾಡಿಗಳಲ್ಲಿ ಈ ಎಳೆತಕ್ಕೆ ಬೇರೆ ಪಂಪ್ ಇರುತ್ತದಂತೆ, ಅದೂ ಇಂಜಿನ್ ತಿರುಗಿದರೇ ಕೆಲಸ ಮಾಡುವುದು.

ಮನೆಗೆ ಬಂದು ಮೋಟಾರು ವಾಹನ ಕಾಯ್ದೆ, 1988 ತೆಗೆದು ನೋಡಿದೆವು. 190ನೇ ಸೆಕ್ಷನ್ ಪ್ರಕಾರ ಅಪಾಯ ತರುವ ದೋಷ ಗೊತ್ತಿದ್ದೂ, ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುವಂತಿದ್ದೂ ಗಾಡಿ ಓಡಿಸುವುದು ಅಪರಾಧ. ನಮಗೆ ನಾಲ್ಕು ದಿನದಿಂದ ಗೊತ್ತಿತ್ತು. ಕುರಿಗಳ ಜಾಗದಲ್ಲಿ ಆ ಅಜ್ಜ ಇದ್ದು ಏನಾದರೂ ಆಗಿದ್ದರೆ, ನಮ್ಮ ಸ್ನೇಹಿತರೇ ‘ಬ್ರೇಕ್ ಫೇಲ್’ ಎಂದು ಬರೆದು ನಮ್ಮನ್ನು ಕಾಪಾಡುತ್ತಿದ್ದರು. ಅದು ಸುಳ್ಳು ಸುದ್ದಿಯಾಗುತ್ತಿತ್ತು.

ಅದೇ ಕಾಯ್ದೆಯ 136ನೇ ಸೆಕ್ಷನ್‌ನಲ್ಲಿ ಅಪಘಾತವಾದ ಗಾಡಿಯ ತಪಾಸಣೆಗೆ ಅವಕಾಶವಿದೆ. ನಮ್ಮ ವರದಿ ಮಾತ್ರ ಅದಕ್ಕೂ ಮುಂಚೆ, ಅಂದೇ ರಾತ್ರಿ ಹೋಗಿರುತ್ತದೆ. ಆ ತಪಾಸಣೆಯಲ್ಲಿ ಏನು ಸಿಕ್ಕಿತು ಎಂದು ಮತ್ತೆ ಹೋಗಿ ಕೇಳಿದವರಲ್ಲ ನಾವು.

ಈಗ ಕೇಳುತ್ತೇವೆ. ಮೊನ್ನೆ ಗೂಡ್ಸ್ ಆಟೊ ಚಾಲಕರೊಬ್ಬರನ್ನು ಆಸ್ಪತ್ರೆಯಲ್ಲಿ ಕೇಳಿದೆವು: ‘ಪೆಡಲ್ ಒಳಕ್ಕೆ ಹೋಯ್ತಾ ಅಣ್ಣ, ಹೋಗ್ಲೇ ಇಲ್ವಾ?’ ‘ಹೋಯ್ತು ಸಾರ್. ವಾರದಿಂದ ಮೆತ್ತಗಾಗಿತ್ತು, ಮಾಲೀಕರಿಗೂ ಹೇಳಿದ್ದೆ’ ಎಂದರು. ಆ ಸಾಲನ್ನು ಬರೆದು ಕಳಿಸಿದೆವು. ಒಂದು ಪತ್ರಿಕೆಯಲ್ಲಿ ಡೆಸ್ಕಿನವರು ಕತ್ತರಿಸಿದರು, ಇನ್ನೊಂದರಲ್ಲಿ ಬಂತು.